ಏನು ಕೊಟ್ಟರೂ ಮೈಗೆ ಹತ್ತದ ಮಗು

ಆರು ತಿಂಗಳವರೆಗೆ ಮಗು ದುಂಡುದುಂಡಗೆ ಇರುತ್ತದೆ. ಎದೆಹಾಲು ಕುಡಿಯುತ್ತದೆ, ನಿದ್ದೆ ಮಾಡುತ್ತದೆ, ನೆಂಟರಿಷ್ಟರು ಎತ್ತಿಕೊಂಡು ಕೆನ್ನೆ ಹಿಂಡುತ್ತಾರೆ. ಅನಂತರ ರಾಗಿ ಸರಿ, ಮೆತ್ತಗಿನ ಅನ್ನ, ಹಾಲಿನಲ್ಲಿ ಅದ್ದಿದ ಬಿಸ್ಕತ್ತು, ರವೆ ಗಂಜಿ ಒಂದೊಂದಾಗಿ ಬಟ್ಟಲಿಗೆ ಬರುತ್ತವೆ. ವರ್ಷ ತುಂಬಿ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಎಲ್ಲೋ ಲೆಕ್ಕ ತಪ್ಪಿದಂತೆ ಕಾಣತೊಡಗುತ್ತದೆ. ದಿನಕ್ಕೆ ನಾಲ್ಕೈದು ಸಲ ಭೇದಿ. ಬಿಳಿಚಿಕೊಂಡ, ಜಿಡ್ಡುಜಿಡ್ಡಾದ, ವಿಪರೀತ ನಾರುವ ಮಲ. ಹೊಟ್ಟೆ ಗುಡಾಣದಂತೆ ಉಬ್ಬಿರುತ್ತದೆ, ಕೈಕಾಲು ಮಾತ್ರ ಕಡ್ಡಿ. ನಕ್ಕು ನಲಿಯುತ್ತಿದ್ದ ಕೂಸು ಈಗ ಯಾರು ಮುಟ್ಟಿದರೂ ಸಿಡುಕುತ್ತದೆ, ಆಟದ ಸಾಮಾನಿನ ಕಡೆ ತಿರುಗಿಯೂ ನೋಡುವುದಿಲ್ಲ.

ಇಂಥ ಮಗುವಿರುವ ಮನೆಯಲ್ಲಿ ಸಲಹೆಗಳಿಗೆ ಬರವಿಲ್ಲ. ಹಲ್ಲು ಬರುತ್ತಿದೆ ಎನ್ನುತ್ತಾರೆ ಒಬ್ಬರು, ಜಂತುಹುಳು ಎನ್ನುತ್ತಾರೆ ಇನ್ನೊಬ್ಬರು. ದೃಷ್ಟಿ ತೆಗೆಸುವುದೂ ಆಗುತ್ತದೆ. ಒಬ್ಬ ವೈದ್ಯರಿಂದ ಇನ್ನೊಬ್ಬ ವೈದ್ಯರಿಗೆ ಹೋಗುತ್ತ ಫೈಲು ದಪ್ಪವಾಗುತ್ತದೆ, ಮಗು ದಪ್ಪವಾಗುವುದಿಲ್ಲ. ಕಬ್ಬಿಣದ ಟಾನಿಕ್ಕು, ಹಸಿವಿನ ಟಾನಿಕ್ಕು, ಪ್ರೋಟೀನು ಪುಡಿ, ಗ್ರೈಪ್ ವಾಟರ್ ಹೀಗೆ ಕಪಾಟಿನಲ್ಲಿ ಶೀಷೆಗಳ ಸಾಲು ಬೆಳೆಯುತ್ತದೆ. ಕೊನೆಗೆ ಎಲ್ಲರ ಬೆರಳೂ ತಾಯಿಯ ಕಡೆಗೇ ತಿರುಗುತ್ತದೆ. ಅವಳಿಗೆ ಮಗುವಿಗೆ ತಿನ್ನಿಸಲು ಬರುವುದಿಲ್ಲವಂತೆ. ಅವಳೋ ರಾತ್ರಿ ಎರಡು ಗಂಟೆಗೆ ಎದ್ದು ಬಟ್ಟೆ ಬದಲಿಸಿ, ಬೆಳಿಗ್ಗೆ ಮತ್ತೆ ಬಟ್ಟಲು ಹಿಡಿದು ಕೂರುವವಳು.

ಹೆಸರಿರುವ ಕಾಯಿಲೆ ಎಷ್ಟೇ ಕೆಟ್ಟದ್ದಾದರೂ ಅದಕ್ಕೊಂದು ಅಂಚು ಇರುತ್ತದೆ. ಹೆಸರಿಲ್ಲದ ಕಾಯಿಲೆಗೆ ಅಂಚಿಲ್ಲ. ಅದು ಮನೆಯವರ ನಡುವಿನ ಮಾತಿಗೂ ಹರಡಿಕೊಳ್ಳುತ್ತದೆ.

ಮಕ್ಕಳ ದೀರ್ಘಕಾಲದ ಹೊಟ್ಟೆ ಕಾಯಿಲೆಗೆ ಕಾರಣಗಳು ಹಲವು. ಹಾಲಿನ ಪ್ರೋಟೀನಿನ ಅಲರ್ಜಿ ಇರಬಹುದು, ಜಿಯಾರ್ಡಿಯಾದಂಥ ಸೋಂಕು ಇರಬಹುದು, ಕರುಳಿನ ಕ್ಷಯ ಇರಬಹುದು, ಬಹಳ ಸಲ ಹಳೆಯ ಮಲಬದ್ಧತೆಯೇ ಇರಬಹುದು. ಆದರೆ ಮೇಲೆ ಹೇಳಿದ ಚಿತ್ರಕ್ಕೆ ತೀರ ಹತ್ತಿರವಾದ ಒಂದು ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಈ ಮಕ್ಕಳಿಗೆ ಒಗ್ಗುವುದಿಲ್ಲ. ಹೇಳಲು ಒಂದೇ ಸಾಲು. ಈ ಒಂದು ಸಾಲನ್ನು ಕಂಡುಕೊಳ್ಳಲು ವೈದ್ಯ ಜಗತ್ತು ಪಟ್ಟ ಪಾಡು ಮಾತ್ರ, ಇಂದು ಉತ್ತರ ಸಿಗದೆ ಅಲೆಯುವ ಅಪ್ಪ ಅಮ್ಮಂದಿರ ಪಾಡಿನಂತೆಯೇ ಇದೆ.

1887ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು ಈ ಕಾಯಿಲೆಯ ಕುರಿತು ಉಪನ್ಯಾಸ ಕೊಟ್ಟರು. ಒಂದರಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು ಎಂಬುದನ್ನು ಅವರು ಗುರುತಿಸಿದರು. ಗುಣವಾಗುವುದಿದ್ದರೆ ಆಹಾರದಿಂದಲೇ ಆಗಬೇಕು ಎಂದೂ ಹೇಳಿದರು. ಮಾತು ಸರಿಯಾಗಿತ್ತು, ಆದರೆ ಪಟ್ಟಿ ತಲೆಕೆಳಗಾಗಿತ್ತು. ಅಕ್ಕಿ ಕೂಡದು, ಸಾಬಕ್ಕಿ ಕೂಡದು ಎಂದ ಗೀ ಅವರು ತೆಳ್ಳಗೆ ಕೊಯ್ದು ಎರಡೂ ಕಡೆ ಚೆನ್ನಾಗಿ ಸುಟ್ಟ ಬ್ರೆಡ್ಡಿಗೆ ಅವಕಾಶ ಕೊಟ್ಟರು! ಅವರ ಒಂದು ಮಗುವಿನ ಕಥೆಯಂತೂ ಸೋಜಿಗದ್ದು. ದಿನಕ್ಕೆ ಒಂದು ಲೀಟರಿಗಿಂತ ತುಸು ಹೆಚ್ಚಿನ ಅಳತೆಯ ಹಾಲೆಂಡಿನ ಚಿಪ್ಪುಮೀನು (ಕರಾವಳಿಯವರು ಪಚ್ಚಿಲೆ ಎನ್ನುವ ಬಗೆಯದು) ತಿಂದು ಆ ಮಗು ಚೆನ್ನಾಗಿ ಚೇತರಿಸಿಕೊಂಡಿತು. ಚಿಪ್ಪುಮೀನಿನ ಕಾಲ ಮುಗಿಯುತ್ತಲೇ ಮತ್ತೆ ಬಿದ್ದುಹೋಯಿತು. ಮುಂದಿನ ವರ್ಷ ಚಿಪ್ಪುಮೀನು ಬಂದಾಗ ಮಗು ಬಾಯಿಯನ್ನೇ ತೆರೆಯಲಿಲ್ಲ. ಒಂದೇ ಪದಾರ್ಥವನ್ನು ದಿನವೂ ತಿನ್ನಿಸಲು ಹೋದ ಯಾವ ತಾಯಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮುಂದೆ 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು. ಅವರು ಹತ್ತು ಮಕ್ಕಳ ವಿವರ ಕೊಟ್ಟಿದ್ದರು. ಬಾಳೆಹಣ್ಣಿನ ಪಥ್ಯ ಮಾಡಿದ ಎಂಟು ಮಕ್ಕಳು ಚೇತರಿಸಿಕೊಂಡವು, ಮಾಡದ ಎರಡು ಉಳಿಯಲಿಲ್ಲ. ಅಲ್ಲಿಂದ ದಶಕಗಳ ಕಾಲ ಬಾಳೆಹಣ್ಣೇ ಈ ಕಾಯಿಲೆಯ ಮದ್ದು ಎಂಬ ನಂಬಿಕೆ ಉಳಿಯಿತು. ಹಾಸ್ ಅವರ ಪಥ್ಯದಲ್ಲಿ ಬ್ರೆಡ್ಡು, ಬಿಸ್ಕತ್ತು, ಧಾನ್ಯಗಳೆಲ್ಲ ನಿಷಿದ್ಧವಾಗಿದ್ದವು. ಮಕ್ಕಳನ್ನು ಉಳಿಸಿದ್ದು ತಟ್ಟೆಯಲ್ಲಿದ್ದ ಬಾಳೆಹಣ್ಣಲ್ಲ, ತಟ್ಟೆಯಲ್ಲಿ ಇಲ್ಲದಿದ್ದ ಬ್ರೆಡ್ಡು. ಆದರೆ ಇಲ್ಲದ್ದನ್ನು ಯಾರು ನೋಡುತ್ತಾರೆ? ಕಾಯಿಲೆಯ ಮಗುವಿನ ಮುಂದೆ ಕುಳಿತ ಯಾರಿಗೇ ಆದರೂ ಮೊದಲು ಹೊಳೆಯುವ ಪ್ರಶ್ನೆ ಏನು ಕೊಡಬೇಕು ಎಂಬುದೇ. ಟಾನಿಕ್ಕಿನ ಶೀಷೆಗಳು ಸಾಲುಗಟ್ಟುವುದೂ ಅದೇ ಪ್ರಶ್ನೆಯಿಂದ.

ಪ್ರಶ್ನೆಯನ್ನು ತಿರುಗಿಸಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಕರೆಲ್ ಡಿಕ್ಕೆ. 1905ರಲ್ಲಿ ಹುಟ್ಟಿದ ಅವರು 1936ರಲ್ಲಿ, ಇನ್ನೂ ಮೂವತ್ತೊಂದರ ಹರೆಯದಲ್ಲಿ, ಹೇಗ್ ನಗರದ ಯೂಲಿಯಾನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದರು. ಆ ಹೊತ್ತಿಗೆ ಅವರ ಗಮನ ಸೆಳೆದದ್ದು ಒಬ್ಬ ತಾಯಿಯ ಮಾತು ಎಂದು ಹೇಳುತ್ತಾರೆ. ಬ್ರೆಡ್ಡು ನಿಲ್ಲಿಸಿದರೆ ಮಗುವಿನ ಮೈಮೇಲಿನ ಗುಳ್ಳೆಗಳು ಬೇಗ ಕಡಿಮೆಯಾಗುತ್ತವೆ ಎಂಬುದು ಅವಳು ಕಂಡದ್ದು. ಹೆಂಗಸರ ಮಾತು, ಅದೂ ಅಡುಗೆಮನೆಯ ಮಾತು ಎಂದು ಡಿಕ್ಕೆ ತಳ್ಳಿಹಾಕಲಿಲ್ಲ. ಗೋಧಿಯಿಲ್ಲದ ಆಹಾರವನ್ನು ಕೆಲವು ಮಕ್ಕಳಿಗೆ ಕೊಟ್ಟು ನೋಡಿದರು. 1941ರಲ್ಲೇ ಅದರ ಬಗ್ಗೆ ಡಚ್ ವೈದ್ಯಪತ್ರಿಕೆಯಲ್ಲಿ ಬರೆದರು. ಆದರೆ ಆಗ ಯುರೋಪು ಯುದ್ಧದ ನಡುವೆ ಇತ್ತು. ಓದುವ ವ್ಯವಧಾನ ಯಾರಿಗೂ ಇರಲಿಲ್ಲ.

ಯುದ್ಧವೇ ಮುಂದಿನ ಸಾಕ್ಷಿ ಹೇಳಿತು. 1944ರ ಸೆಪ್ಟೆಂಬರಿನಲ್ಲಿ ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದರು. ದೇಶವನ್ನು ಆಕ್ರಮಿಸಿಕೊಂಡಿದ್ದ ಜರ್ಮನರು ಅದಕ್ಕೆ ಪ್ರತೀಕಾರವಾಗಿ ಪಶ್ಚಿಮದ ನಗರಗಳಿಗೆ ಆಹಾರ ಸಾಗಣೆಯನ್ನು ತಡೆದರು. ಬಂದ ಚಳಿಗಾಲಕ್ಕೆ ಡಚ್ಚರು ಇಂದಿಗೂ ಹಸಿವಿನ ಚಳಿಗಾಲ ಎಂದೇ ಹೆಸರು ಹೇಳುತ್ತಾರೆ. ಪಡಿತರ ದಿನಕ್ಕೆ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಜನ ಟ್ಯುಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಸುಮಾರು 20,000 ಮಂದಿ ಸತ್ತರು. ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಕಾಯಿಲೆಯ ಮಕ್ಕಳು ಮಾತ್ರ ಕೆಡುವುದರ ಬದಲು ಸುಧಾರಿಸಿದರು. ಬ್ರೆಡ್ಡೇ ಇರಲಿಲ್ಲವಲ್ಲ! ಯುದ್ಧ ಮುಗಿದು ಬ್ರೆಡ್ಡು ಮರಳಿ ಬಂದಾಗ ಊರು ಹಬ್ಬ ಮಾಡಿತು. ಈ ಮಕ್ಕಳ ಭೇದಿಯೂ ಮರಳಿತು.

ಬರಗಾಲವೇ ಡಿಕ್ಕೆ ಅವರಿಗೆ ಕಣ್ಣು ತೆರೆಸಿತು ಎಂದು ಈ ಕಥೆಯನ್ನು ಹಲವೆಡೆ ಹೇಳುವುದುಂಟು. ಅದು ಅರ್ಧ ಸತ್ಯ. ಅನುಮಾನ ಬರಗಾಲಕ್ಕೆ ಎಷ್ಟೋ ವರ್ಷ ಮುಂಚೆಯೇ ಇತ್ತು. ತಾಯಿಯೊಬ್ಬಳು ಹೇಳಿದ್ದು ನಿಜವೆಂದು ಬರಗಾಲ ಒಪ್ಪಿಸಿತು, ಅಷ್ಟೆ.

ಆದರೂ ವಿಜ್ಞಾನಕ್ಕೆ ಅಳತೆ ಬೇಕು. ಉಟ್ರೆಕ್ಟ್ ನಗರದಲ್ಲಿ ವಾನ್ ಡೆ ಕಾಮರ್ ಎಂಬ ಜೀವರಸಾಯನ ವಿಜ್ಞಾನಿ ಮಲದಲ್ಲಿರುವ ಕೊಬ್ಬನ್ನು ನಿಖರವಾಗಿ ಅಳೆಯುವ ಕ್ರಮವನ್ನು ರೂಪಿಸಿ 1949ರಲ್ಲಿ ಪ್ರಕಟಿಸಿದ್ದರು. ಲೆಕ್ಕ ಸರಳ. ಮಗುವಿನ ಹೊಟ್ಟೆಗೆ ಹೋದ ಕೊಬ್ಬು ಇಷ್ಟು, ಹೊರಗೆ ಬಂದದ್ದು ಇಷ್ಟು, ಉಳಿದದ್ದು ಮೈಗೆ ಹತ್ತಿದ್ದು. ಗೋಧಿ ಕೊಟ್ಟಾಗ ಮೈಗೆ ಹತ್ತುವ ಪಾಲು ಇಳಿಯುತ್ತಿತ್ತು, ನಿಲ್ಲಿಸಿದಾಗ ಏರುತ್ತಿತ್ತು. ಡಿಕ್ಕೆ 1950ರಲ್ಲಿ ಇದನ್ನು ಪ್ರಬಂಧವಾಗಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಗೋಧಿಯ ಪಿಷ್ಟ ನಿರಪರಾಧಿ, ತೊಂದರೆಯೆಲ್ಲ ಗ್ಲುಟೆನ್ನಿನದು ಎಂಬುದೂ ಕೆಲವೇ ವರ್ಷಗಳಲ್ಲಿ ಖಚಿತವಾಯಿತು. ಕೊಳೆ ಬಟ್ಟೆಯನ್ನು ತೂಗಿ, ಅಳೆದು, ದಿನದಿನವೂ ಬರೆದಿಟ್ಟು ಹೊರಟ ಶೋಧ ಇದು. ವಿದ್ಯಾರ್ಥಿಗಳು ಪ್ರಯೋಗಶಾಲೆಯ ದಾಖಲೆ ಪುಸ್ತಕವನ್ನು ಪರೀಕ್ಷೆಯ ಹಿಂದಿನ ರಾತ್ರಿ ಕುಳಿತು ತುಂಬುವಾಗ ಒಮ್ಮೆ ನೆನೆಯಬಹುದು.

ಒಳಗೆ ಆಗುವುದಾದರೂ ಏನು? ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್ಲಿನಂತಿರುತ್ತದೆ. ಟವೆಲ್ಲಿನ ಎಳೆಗಳಂತೆ ಲಕ್ಷಾಂತರ ಪುಟ್ಟ ಕುಡಿಗಳು ಎದ್ದು ನಿಂತು ಅನ್ನದ ಸಾರವನ್ನು ಹೀರಿಕೊಳ್ಳುತ್ತವೆ. ಸೀಲಿಯಾಕ್ ಇರುವವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಗ್ಲುಟೆನ್ನನ್ನು ಶತ್ರುವೆಂದು ತಿಳಿದು ಮೇಲೆ ಬೀಳುತ್ತದೆ. ಆ ಜಗಳದಲ್ಲಿ ಪೆಟ್ಟು ತಿನ್ನುವುದು ಈ ಕುಡಿಗಳು. ಎಳೆಗಳು ಸವೆದು ಟರ್ಕಿ ಟವೆಲ್ಲು ಪಂಚೆಯಂತಾದರೆ ನೀರು ಎಷ್ಟು ಹೀರೀತು? ಕಬ್ಬಿಣವನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗ. ಪೆಟ್ಟು ಹೆಚ್ಚಾಗಿ ಬೀಳುವುದೂ ಅಲ್ಲಿಯೇ. ಹಾಗಾಗಿ ಟಾನಿಕ್ಕು ಎಷ್ಟು ಕುಡಿಸಿದರೂ ಮಗುವಿನ ರಕ್ತಹೀನತೆ ಹೋಗುವುದಿಲ್ಲ. ಕೆಲವು ಮಕ್ಕಳಲ್ಲಿ ಭೇದಿಯೇ ಇರುವುದಿಲ್ಲ. ಎತ್ತರ ನಿಂತುಹೋಗುವುದು, ಮಲಬದ್ಧತೆ, ಹೋಗದ ರಕ್ತಹೀನತೆ, ಇಷ್ಟೇ ಕಾಣುತ್ತದೆ. ಪತ್ತೆ ತಡವಾಗುವುದು ಅಂಥವರಲ್ಲಿ.

ಕರ್ನಾಟಕದ ಮನೆಗಳಿಗೆ ಇದು ದೂರದ ಕಥೆಯೆ? ಒಂದು ಮಟ್ಟಿಗೆ ಹೌದು. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ದೇಶದ ಮೂರು ಭಾಗಗಳ ವಯಸ್ಕರನ್ನು ಪರೀಕ್ಷಿಸಿತು. ಉತ್ತರ ಭಾರತದಲ್ಲಿ ಸೀಲಿಯಾಕ್ ಇದ್ದವರು ನೂರಕ್ಕೆ 1.23, ದಕ್ಷಿಣದಲ್ಲಿ ನೂರಕ್ಕೆ 0.10. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರದು 25 ಗ್ರಾಂ. ಆದರೆ ಈ ಕಾಯಿಲೆಗೆ ಬೇಕಾದ ಆನುವಂಶಿಕ ಗುಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಅದೊಂದಿದ್ದ ಮಾತ್ರಕ್ಕೆ ಎಲ್ಲರಿಗೂ ಕಾಯಿಲೆ ಬರುವುದಿಲ್ಲ, ನಿಜ. ಆದರೂ ಮುದ್ದೆ, ಅನ್ನದ ಜಾಗಕ್ಕೆ ಚಪಾತಿ, ಬ್ರೆಡ್ಡು, ನೂಡಲ್ಸು ಬಂದು ಕೂರುತ್ತಿರುವ ಊರುಗಳಲ್ಲಿ ಈ ಲೆಕ್ಕವನ್ನು ಮರೆಯುವಂತಿಲ್ಲ. ಉತ್ತರದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಸಂಸಾರಗಳೂ ಕಡಿಮೆಯಿಲ್ಲ. ಅಪರೂಪದ ಕಾಯಿಲೆ ಎಂಬ ಕಾರಣಕ್ಕೇ ಅದು ಯಾರಿಗೂ ಹೊಳೆಯದೆ ಹೋಗುವ ಅಪಾಯ ಇಲ್ಲಿ ಹೆಚ್ಚು. ಹೊಟ್ಟೆ ಕೆಟ್ಟ ಮಗುವಿಗೆ ಹಗುರವಾಗಿರಲಿ ಎಂದು ಇಲ್ಲಿ ಕೊಡುವುದು ಹಾಲು ಬ್ರೆಡ್ಡು, ರವೆ ಗಂಜಿ, ಮಾಲ್ಟ್ ಬೆರೆಸಿದ ಪಾನೀಯ. ಮೂರರಲ್ಲೂ ಗ್ಲುಟೆನ್ ಇದೆ.

ಇಷ್ಟು ಓದಿದ ತಾಯಿಯೊಬ್ಬಳು ಇವತ್ತೇ ಗೋಧಿ ನಿಲ್ಲಿಸಿಬಿಡುತ್ತೇನೆ ಎಂದು ಎದ್ದರೆ ಅವಳು ಒಂದು ಕ್ಷಣ ತಡೆಯಬೇಕು. ಹೇಗ್ ನಗರದ ತಾಯಿಯ ಕಾಲದಲ್ಲಿ ಬ್ರೆಡ್ಡು ನಿಲ್ಲಿಸಿ ನೋಡುವುದಲ್ಲದೆ ಬೇರೆ ದಾರಿ ಇರಲಿಲ್ಲ. ಈಗ ಇದೆ. ಟಿಷ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವದ ವಿರುದ್ಧ ಈ ರೋಗಿಗಳ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ ಎಂಬುದು 1997ರಲ್ಲಿ ಗೊತ್ತಾಯಿತು. ಅದನ್ನು ಈಗ ರಕ್ತಪರೀಕ್ಷೆಯಿಂದ ಅಳೆಯಬಹುದು. ಅದರಲ್ಲಿ ಸುಳಿವು ಸಿಕ್ಕರೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಕರುಳಿನ ಕೆಲವು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪ್ರತಿಕಾಯದ ಮಟ್ಟ ತೀರ ಹೆಚ್ಚಿದ್ದರೆ ಕೆಲವು ಮಕ್ಕಳಲ್ಲಿ ಎರಡನೆಯ ರಕ್ತಪರೀಕ್ಷೆಯಿಂದಲೇ ತೀರ್ಮಾನಿಸುವ ಕ್ರಮವೂ ಬಂದಿದೆ. ಅದನ್ನು ತಜ್ಞ ವೈದ್ಯರೇ ನಿರ್ಧರಿಸಬೇಕು.

ಮಗು ಗೋಧಿ ತಿನ್ನುತ್ತಿರುವಾಗ ಮಾತ್ರ ಈ ಪರೀಕ್ಷೆಗಳು ನಿಜ ಹೇಳುತ್ತವೆ. ನಿಲ್ಲಿಸಿ ಕೆಲವು ತಿಂಗಳಾದರೆ ಪ್ರತಿಕಾಯ ಇಳಿಯುತ್ತದೆ, ಕರುಳು ಮಾಯತೊಡಗುತ್ತದೆ, ಪರೀಕ್ಷೆ ಏನೂ ಇಲ್ಲವೆನ್ನುತ್ತದೆ. ಆಮೇಲೆ ಖಚಿತಪಡಿಸಿಕೊಳ್ಳಲು ಚೇತರಿಸಿಕೊಂಡ ಮಗುವಿಗೆ ವಾರಗಟ್ಟಲೆ ಮತ್ತೆ ಗೋಧಿ ತಿನ್ನಿಸಿ ಕಾಯಿಲೆ ಬರಿಸಬೇಕಾದೀತು. ಅದಕ್ಕೆ ಯಾವ ತಾಯಿಗೆ ಮನಸ್ಸು ಬಂದೀತು? ಕೊಡಬಾರದ್ದು ಯಾವುದೆಂದು ಅನುಮಾನ ಬಂದ ಮೇಲೂ ಕೆಲವು ದಿನ ಅದನ್ನೇ ಕೊಡುತ್ತ ಪರೀಕ್ಷೆಗೆ ಕಾಯುವುದು ಕಷ್ಟದ ಕೆಲಸ. ಆದರೆ ಇದು ನಾಲ್ಕು ದಿನದ ಪಥ್ಯವಲ್ಲ, ಜೀವಮಾನದ್ದು. ಅನುಮಾನದ ಮೇಲೆ ಒಂದು ಜೀವಮಾನದ ಪಥ್ಯ ಹೇರಲಾಗದು.

ಆ ಕಾಯುವ ದಿನಗಳಲ್ಲಿ ಮಾಡಬಹುದಾದ ಉಪಯೋಗದ ಕೆಲಸವೆಂದರೆ ಬರೆದಿಡುವುದು. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಮಗು ಏನು ತಿಂದಿತು, ಎಷ್ಟು ಸಲ ಹೊರಗೆ ಹೋಯಿತು, ಹೇಗಿತ್ತು, ರಾತ್ರಿ ನೋವಿನಿಂದ ಎದ್ದಿತೆ, ಆಡಿತೆ, ಅಷ್ಟನ್ನು ದಿನವೂ ಒಂದೆರಡು ಸಾಲಿನಲ್ಲಿ. ತೂಕ ತಿಂಗಳಿಗೊಮ್ಮೆ, ಒಂದೇ ತಕ್ಕಡಿಯಲ್ಲಿ. ಅಂಗನವಾಡಿಯಲ್ಲಿ ತೂಗಿ ತುಂಬಿದ ಬೆಳವಣಿಗೆಯ ಚಾರ್ಟ್ ಇದ್ದರೆ ಅದನ್ನು ಜೋಪಾನವಾಗಿಡಬೇಕು. ಹುಟ್ಟಿನಿಂದ ಸಣ್ಣಗಿದ್ದು ತನ್ನದೇ ಗೆರೆಯಲ್ಲಿ ಏರುತ್ತಿರುವ ಮಗುವಿನ ಬಗ್ಗೆ ಅಷ್ಟು ಗಾಬರಿ ಬೇಡ. ಮೇಲಿನ ಗೆರೆಯಲ್ಲಿದ್ದ ಮಗು ಒಂದೊಂದೇ ಗೆರೆ ದಾಟಿ ಕೆಳಗಿಳಿಯುತ್ತಿದ್ದರೆ ಮಾತ್ರ ಸುಮ್ಮನಿರುವಂತಿಲ್ಲ. ನಾಲ್ಕೈದು ವರ್ಷದ ಮೇಲಿನ ಮಗು ವರ್ಷಕ್ಕೆ ಐದಾರು ಸೆಂಟಿಮೀಟರು ಬೆಳೆಯುತ್ತದೆ. ಹೋದ ವರ್ಷದ ಸಮವಸ್ತ್ರ ಈ ವರ್ಷವೂ ಅಳತೆಗೆ ಸರಿಹೊಂದಿದರೆ ದುಡ್ಡು ಉಳಿಯಿತೆಂದು ಸಂತೋಷಪಡುವ ವಿಷಯವಲ್ಲ ಅದು. ಮಲದಲ್ಲಿ ರಕ್ತ, ಬಿಡದ ಜ್ವರ, ನಿದ್ದೆಯಿಂದ ಎಬ್ಬಿಸುವ ನೋವು, ಪದೇ ಪದೇ ವಾಂತಿ ಇದ್ದರೆ ನೋಟ್‌ಬುಕ್ ತುಂಬುವವರೆಗೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ವೈದ್ಯರ ಮುಂದೆ ಕುಳಿತಾಗ ಬಹಳಷ್ಟು ತಾಯಂದಿರಿಗೆ ಮಾತು ಮರೆಯುತ್ತದೆ. ಹೊರಗೆ ಕಾಯುವವರ ಸಾಲು, ಒಳಗೆ ಐದು ನಿಮಿಷ. ಆಗ ಪುಸ್ತಕ ಮಾತನಾಡುತ್ತದೆ. ಆರು ತಿಂಗಳಲ್ಲಿ ತೂಕ ಇನ್ನೂರು ಗ್ರಾಂ ಕೂಡ ಏರಿಲ್ಲ ಎಂದು ತೋರಿಸುವುದಕ್ಕೂ, ಮಗು ಸೊರಗುತ್ತಿದೆ ಎಂದು ಹೇಳುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಚಿಂತೆ ಮಾಡಬೇಡಿ ಎಂದು ಹೇಳಿ ಕಳಿಸುವುದು ಅಷ್ಟು ಸುಲಭವಲ್ಲ. ಸೀಲಿಯಾಕ್ ಪರೀಕ್ಷೆ ಮಾಡಿಸಬಹುದೆ ಎಂದು ಕೇಳುವುದೂ ಅಧಿಕಪ್ರಸಂಗವೇನಲ್ಲ. ಕೆಲವರು ಸಿಡುಕಬಹುದು, ಸಿಡುಕಲಿ.

ಪತ್ತೆಯಾದ ಮೇಲೆ ಕನ್ನಡದ ಅಡುಗೆಮನೆಗೆ ಒಂದು ಅದೃಷ್ಟವಿದೆ. ಅಕ್ಕಿ, ರಾಗಿ, ಜೋಳ, ನವಣೆ, ಬೇಳೆಕಾಳು, ಹಾಲು, ತರಕಾರಿ, ಮೊಟ್ಟೆ, ಮಾಂಸ ಎಲ್ಲವೂ ನಿರಾತಂಕ. ಪಂಜಾಬಿನ ತಾಯಿಗೆ ಗೋಧಿ ಬಿಡುವುದೆಂದರೆ ಊಟವನ್ನೇ ಬಿಟ್ಟಂತೆ. ಇಲ್ಲಿ ಮುದ್ದೆ ಸಾರು, ಇಡ್ಲಿ, ಅಕ್ಕಿ ರೊಟ್ಟಿ, ಜೋಳದ ರೊಟ್ಟಿ ಇವೆ. ತೊಂದರೆ ಇರುವುದು ಕಣ್ಣಿಗೆ ಕಾಣದ ಗೋಧಿಯಲ್ಲಿ. ಉಪ್ಪಿಟ್ಟಿನ ರವೆ, ಶ್ಯಾವಿಗೆ, ಮೈದಾ ಎಲ್ಲ ಗೋಧಿಯೇ ಎಂಬುದು ಗೊತ್ತಿರುವ ಸಂಗತಿ. ಅಂಗಡಿಯ ಡಬ್ಬಿಯ ಇಂಗಿನಲ್ಲಿ ಬಹಳಷ್ಟು ಸಲ ಮೈದಾ ಬೆರೆಸಿರುತ್ತಾರೆಂಬುದು ಅಷ್ಟಾಗಿ ಗೊತ್ತಿಲ್ಲ. ದಿನವೂ ಸಾರಿಗೆ ಹಾಕುವ ಚಿಟಿಕೆ ಇಂಗು ಪಥ್ಯವನ್ನು ಕೆಡಿಸಬಲ್ಲದು. ಹಿಟ್ಟಿನ ಗಿರಣಿ ಇನ್ನೊಂದು. ಹಿಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಹಾಕಿದರೆ ಮೊದಲ ಒಂದೆರಡು ಸೇರು ರಾಗಿಹಿಟ್ಟು ಬರೀ ರಾಗಿಯಲ್ಲ. ಮನೆಯಲ್ಲೇ ಪುಟ್ಟ ಗಿರಣಿ ಇಟ್ಟುಕೊಳ್ಳುವವರಿದ್ದಾರೆ, ಅದಾಗದವರು ಮಿಕ್ಸಿಯಲ್ಲೇ ಸ್ವಲ್ಪಸ್ವಲ್ಪ ಬೀಸಿಕೊಳ್ಳುತ್ತಾರೆ. ಗ್ಲುಟೆನ್ ಮುಕ್ತ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಅಂಥ ಪೊಟ್ಟಣಗಳ ಬೆಲೆ ಮಾತ್ರ ಎಲ್ಲರ ಕೈಗೆಟಕುವುದಲ್ಲ.

ಮನೆಯೊಳಗಿನ ಕಷ್ಟ ಅಜ್ಜಿಯದು. ಸತ್ಯನಾರಾಯಣ ಪೂಜೆಯ ರವೆಯ ಪ್ರಸಾದವನ್ನು ಒಂದು ಕಾಳಷ್ಟಾದರೂ ಮೊಮ್ಮಗುವಿನ ಬಾಯಿಗೆ ಹಾಕದೆ ಇರುವುದು ಹೇಗೆ? ಒಂದು ಕಾಳಿನಿಂದ ಏನಾದೀತು ಎಂಬುದು ಅವರ ಪ್ರೀತಿಯ ವಾದ. ಅಜ್ಜಿಯನ್ನು ಗದರಿಸಿ ಗೆಲ್ಲಲಾಗದು. ಅವರನ್ನೂ ಒಂದು ಸಲ ವೈದ್ಯರಲ್ಲಿಗೆ ಕರೆದುಕೊಂಡು ಹೋದ ಮನೆಗಳಲ್ಲಿ ಮುಂದೆ ಪಹರೆ ಕಾಯುವವರು ಅವರೇ ಆಗುತ್ತಾರೆ. ನೆಂಟರ ಮನೆಯಲ್ಲಿ ಮಗುವಿನ ಕೈಯಿಂದ ಬಿಸ್ಕತ್ತು ಕಿತ್ತುಕೊಳ್ಳುವ ಧೈರ್ಯ ಅವರಿಗಿದ್ದಷ್ಟು ತಾಯಿಗೆ ಇರುವುದಿಲ್ಲ.

ಶಾಲೆಯಲ್ಲಿ ಹುಟ್ಟುಹಬ್ಬದ ಕೇಕು ಹಂಚುವ ದಿನ ಇನ್ನೊಂದು ಪರೀಕ್ಷೆ. ತಿನ್ನದ ಮಗುವಿನ ಸುತ್ತ ನೆರೆದು ಯಾಕೆ ತಿನ್ನಲ್ಲ ಎಂದು ಕೇಳುವುದು, ಡಬ್ಬಿಗೆ ಕೈಹಾಕಿ ಬದಲಾಯಿಸಿಕೊಳ್ಳುವುದು ತರಗತಿಯ ಸಹಜ ವಿನೋದಗಳು. ಶಿಕ್ಷಕಿಗೆ ವರ್ಷದ ಮೊದಲ ದಿನವೇ ಒಂದು ಚೀಟಿ ಬರೆದುಕೊಟ್ಟು, ಅವಳ ಮೇಜಿನ ಡ್ರಾಯರಿನಲ್ಲಿ ಕಡಲೆ ಚಿಕ್ಕಿಯ ಒಂದು ಡಬ್ಬ ಇಡುವ ತಾಯಂದಿರಿದ್ದಾರೆ. ಕೇಕು ಬಂದ ದಿನ ಆ ಮಗುವಿಗೆ ಚಿಕ್ಕಿ. ಉಳಿದ ಮಕ್ಕಳೂ ಚಿಕ್ಕಿಗೆ ಕೈ ಚಾಚುವುದುಂಟು. ಅಣ್ಣ ತಂಗಿಯರಿದ್ದರೆ ಅವರಿಗೂ ರಕ್ತಪರೀಕ್ಷೆ ಮಾಡಿಸಬೇಕು, ತಂದೆ ತಾಯಿಯರಿಗೂ. ಈ ಕಾಯಿಲೆ ಮನೆತನದಲ್ಲಿ ಹರಿಯುತ್ತದೆ. ಎಷ್ಟೋ ಸಲ ವರ್ಷಗಟ್ಟಲೆ ರಕ್ತಹೀನತೆಗೆ ಮಾತ್ರೆ ನುಂಗುತ್ತಿರುವ ಅಮ್ಮನೂ ಇದೇ ಸಾಲಿನಲ್ಲಿ ಸಿಕ್ಕಿಬೀಳುತ್ತಾಳೆ.

ಡಿಕ್ಕೆ 1962ರಲ್ಲಿ ತೀರಿಕೊಂಡರು. ಬ್ರೆಡ್ಡಿನ ಮಾತು ಹೇಳಿದ ತಾಯಿಯ ಹೆಸರು ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಕಾಣುವುದಿಲ್ಲ. ಗೋಧಿ ನಿಲ್ಲಿಸಿದ ಮೇಲೆ ತೂಕ ಏರಲು ತಿಂಗಳುಗಳು ಬೇಕು, ಕರುಳು ಪೂರ್ತಿ ಮಾಯಲು ಇನ್ನೂ ಹೆಚ್ಚು ಕಾಲ ಬೇಕು. ಅದಕ್ಕೂ ಮುಂಚೆ, ಹಲವು ಮಕ್ಕಳಲ್ಲಿ ಕೆಲವೇ ವಾರಗಳಲ್ಲಿ ಸಿಡುಕು ಇಳಿಯುತ್ತದೆ. ಮೂಲೆಯಲ್ಲಿ ಬಿದ್ದಿದ್ದ ಆಟದ ಸಾಮಾನು ಹೊರಗೆ ಬರುತ್ತದೆ. ಒಂದು ಸಂಜೆ, ಯಾರೂ ಬಲವಂತ ಮಾಡದೆ, ಮಗು ತಾನಾಗಿಯೇ ಅಡುಗೆಮನೆಗೆ ಬಂದು ತಟ್ಟೆ ಮುಂದಿಟ್ಟುಕೊಂಡು ಕೂರುತ್ತದೆ.